ಟೊರಾಂಟೊದಲ್ಲಿ ಮನೆಯಂಗಳದ ಮರ ಕಡಿಸಲು ಅನುಮತಿ

ಟೊರಾಂಟೊ ನಗರದಲ್ಲಿ ಮನೆಯಂಗಳದ ದೊಡ್ಡ ಮರ ಕಡಿಸಬೇಕಾದರೆ ನಗರಾಡಳಿತದ ಪರ್ಮಿಟ್ ಬೇಕು. ಜಾಗ ಸ್ವಂತದ್ದಾದರೂ ಅಷ್ಟೇ. ದೊಡ್ಡ ಮರ ಯಾವುದೆಂಬುದನ್ನು ನಗರದ ಮುನಿಸಿಪಲ್ ಕೋಡ್‌ನ 813ನೇ ಅಧ್ಯಾಯ ಗೊತ್ತುಮಾಡಿದೆ. ನೆಲದಿಂದ 1.4 ಮೀಟರ್ ಎತ್ತರದಲ್ಲಿ ಕಾಂಡದ ವ್ಯಾಸ 30 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಈ ಲೆಕ್ಕಕ್ಕೆ ಬರುತ್ತದೆ. ಮನೆಯಲ್ಲಿರುವ ಹೊಲಿಗೆ ಟೇಪನ್ನು ಎದೆಮಟ್ಟದಲ್ಲಿ ಕಾಂಡಕ್ಕೆ ಸುತ್ತಿದರೆ 94 ಸೆಂ.ಮೀ. ಆಸುಪಾಸು ಬರುವ ಮರ ಅದು. ಸುತ್ತಳತೆಯನ್ನೇ ವ್ಯಾಸವೆಂದು ಬರೆದು ಕಳಿಸಿದ ಅರ್ಜಿಗಳು ಗೊಂದಲಕ್ಕೆ ಸಿಕ್ಕುತ್ತವೆ.

ಈ ಅಳತೆ ಊರಿಂದ ಊರಿಗೆ ಬೇರೆ. ಪಕ್ಕದ ಮಿಸ್ಸಿಸಾಗದಲ್ಲಿ 15 ಸೆಂ.ಮೀ. ವ್ಯಾಸ ಮೀರಿದ ಮರಕ್ಕೇ ಪರ್ಮಿಟ್ ಬೇಕು. ಹಬ್ಬದೂಟದ ಪಂಕ್ತಿಯಲ್ಲಿ ಟೊರಾಂಟೊದವರು ಹೇಳಿದ ಮಾತು ಮಿಸ್ಸಿಸಾಗದ ಹಿತ್ತಲಿಗೆ ನಡೆಯುವುದಿಲ್ಲ. ಟೊರಾಂಟೊದೊಳಗೇ ಡಾನ್, ಹಂಬರ್ ನದಿಗಳ ಕಣಿವೆಯಂಚಿನ ಸಂರಕ್ಷಿತ ಪ್ರದೇಶಕ್ಕೆ 658ನೇ ಅಧ್ಯಾಯ ಅನ್ವಯಿಸುತ್ತದೆ. ಅಲ್ಲಿ ಗಾತ್ರದ ಪ್ರಶ್ನೆಯೇ ಇಲ್ಲ, ಎಳೆಯ ಮರಕ್ಕೂ ರಕ್ಷಣೆಯಿದೆ.

ಬೆಂಗಳೂರಿನಿಂದ ಬಂದವರಿಗೆ ಇಂಥ ಕಟ್ಟುಪಾಡು ಹೊಸದಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅಲ್ಲಿಯೂ ಮನೆಯ ಮರಕ್ಕೆ ವೃಕ್ಷಾಧಿಕಾರಿಯ ಅಪ್ಪಣೆ ಬೇಕು. ಅಲ್ಲಿ ತೆಂಗು, ಸಿಲ್ವರ್ ಓಕ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಟೊರಾಂಟೊದಲ್ಲಿ ಜಾತಿಯ ಮೇಲೆ ವಿನಾಯಿತಿ ಸಿಗುವುದಿಲ್ಲ. ಎಲ್ಲೆಂದರಲ್ಲಿ ಹಬ್ಬುವ ಪರದೇಶದ ನಾರ್ವೆ ಮೇಪಲ್ ಕೂಡ ಓಕ್ ಮರದಷ್ಟೇ ಸುರಕ್ಷಿತ.

ಅರ್ಜಿಗಿಂತ ಮೊದಲು ತೀರ್ಮಾನವಾಗಬೇಕಾದದ್ದು ಮರ ಯಾರದ್ದು ಎಂಬುದು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಮನೆಯ ಮುಂದಿನ ಹುಲ್ಲನ್ನು ಮನೆಯವರೇ ಕತ್ತರಿಸುತ್ತಾರೆ, ಹಿಮವನ್ನು ಅವರೇ ಸರಿಸುತ್ತಾರೆ. ಆದರೂ ರಸ್ತೆಗೆ ಹೊಂದಿಕೊಂಡ ಆ ಪಟ್ಟಿ ಅನೇಕ ಕಡೆ ನಗರದ ಸೊತ್ತು. ಅದರಲ್ಲಿರುವ ಮರವೂ ನಗರದ್ದೇ, ಗಾತ್ರ ಎಷ್ಟೇ ಇರಲಿ. ಅದರ ಒಣಕೊಂಬೆ ಸವರುವುದು, ಸತ್ತರೆ ತೆಗೆಯುವುದು ನಗರದ ಕೆಲಸ, ನಗರದ ಖರ್ಚು. ನಗರದ ಸಹಾಯವಾಣಿ 311ಕ್ಕೆ ಕರೆಮಾಡಿ ತಿಳಿಸಿದರೆ ಸಾಕು. ಮುಂಬಾಗಿಲಿಗೆ ಎದುರಾಗಿ ಮರವಿದ್ದರೆ ದ್ವಾರವೇಧವೆಂದು ಕಳವಳಪಡುವ ಹಿರಿಯರು ನಮ್ಮಲ್ಲಿ ಇದ್ದಾರೆ. ಅವರ ಕಳವಳವನ್ನು ಮನೆ ಕೊಳ್ಳುವ ಮೊದಲೇ ಕೇಳಿಸಿಕೊಳ್ಳಬೇಕು. ಕೊಂಡ ಮೇಲೆ ಆ ಕಾರಣಕ್ಕೆ ಬೀದಿಮರ ಕದಲುವುದಿಲ್ಲ.

ಇನ್ನೂ ಕಠಿಣವಾದದ್ದು ಹಿತ್ತಲಿನ ಗಡಿಮರ. ಒಂಟಾರಿಯೊ ಪ್ರಾಂತ್ಯದ ಅರಣ್ಯ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಎರಡು ಜಮೀನುಗಳ ಗಡಿಯ ಮೇಲೆ ಕಾಂಡವಿರುವ ಮರ ಇಬ್ಬರು ಮಾಲೀಕರ ಜಂಟಿ ಸೊತ್ತು. ಒಬ್ಬರ ಒಪ್ಪಿಗೆಯಿಲ್ಲದೆ ಮತ್ತೊಬ್ಬರು ಅದನ್ನು ಕಡಿದರೆ, ಅದಕ್ಕೆ ಹಾನಿ ಮಾಡಿದರೆ ಅಪರಾಧ. 20,000 ಡಾಲರ್‌ವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸಕ್ಕೂ ಅವಕಾಶವಿದೆ. ಗಡಿಯ ಮೇಲೆ ಎಂದರೆ ಎಷ್ಟು ಎಂಬ ಪ್ರಶ್ನೆ ಟೊರಾಂಟೊದ ಒಂದು ಮೇಪಲ್ ಮರದ ವ್ಯಾಜ್ಯವಾಗಿ 2013ರಲ್ಲಿ ನ್ಯಾಯಾಲಯದ ಮುಂದೆ ಬಂತು. ಬುಡ ನೆಲ ಸೀಳಿ ಮೇಲೆದ್ದ ಜಾಗವನ್ನಷ್ಟೇ ನೋಡಿದರೆ ಸಾಲದು, ಮೇಲೆ ಬೆಳೆದ ಕಾಂಡದ ಯಾವುದೇ ಭಾಗ ಗಡಿ ದಾಟಿದ್ದರೂ ಮರ ಇಬ್ಬರದೂ ಹೌದು ಎಂದು ತೀರ್ಪಾಯಿತು. ಅದೇ ವರ್ಷ ಮೇಲ್ಮನವಿಯಲ್ಲೂ ತೀರ್ಪು ಬದಲಾಗಲಿಲ್ಲ.

ಜನ ನಂಬುವುದು ಬೇಲಿಯನ್ನು. ಈಚೆಗೆ ಮನೆ ಕೊಂಡ ಕನ್ನಡ ಸಂಸಾರವೊಂದಕ್ಕೆ ಹೀರೆ, ಬದನೆ, ಮೆಂತ್ಯ ಬೆಳೆಯಲು ಹಿತ್ತಲಿಗೆ ಬಿಸಿಲು ಬೇಕಿತ್ತು. ಮೇಪಲ್ ಮರ ತಮ್ಮ ಬೇಲಿಯ ಒಳಗಡೆಯೇ ನಿಂತಿತ್ತು. ಬಾಗಿಲು ತಟ್ಟಿ ಬಂದ ಗುತ್ತಿಗೆದಾರ ಪರ್ಮಿಟ್ಟಿನ ಚಿಂತೆ ಬೇಡ ಎಂದ; ಮುಂಗಡವೂ ಅವನ ಕೈ ಸೇರಿತು. ಆದರೂ ಪರ್ಮಿಟ್ ಅರ್ಜಿಗೆ ಬೇಕಾದ ವರದಿ ಬರೆಯಲು ಬಂದ ಆರ್ಬರಿಸ್ಟ್ (ಮರತಜ್ಞ) ಸರ್ವೆ ನಕ್ಷೆ ಕೇಳಿದಾಗಲೇ ನಿಜ ಗೊತ್ತಾದದ್ದು: ಹಳೆಯ ಮಾಲೀಕರು ಬೇಲಿಯನ್ನು ನೆರೆಯವರ ಕಡೆಗೆ ಒಂದಿಷ್ಟು ಒತ್ತಿ ಹಾಕಿಸಿದ್ದರು, ಗಡಿಗೆರೆ ಕಾಂಡದ ನಡುವೆಯೇ ಹಾಯ್ದಿತ್ತು. ನೆರೆಮನೆಯ ವೃದ್ಧೆಗೆ ಆ ಮರ ಪ್ರಾಣ. ಮುಂಗಡ ಮರಳಲಿಲ್ಲ, ಬೇಲಿಯಾಚೆಯ ಮಾತುಕತೆಯೂ ನಿಂತಿತು. ಮೊದಲ ದಿನವೇ ಅವರ ಬಾಗಿಲಿಗೆ ಹೋಗಿ ವಿಚಾರಿಸಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಬೇಲಿ ಗಡಿಗೆ ಸಾಕ್ಷಿಯಲ್ಲ, ಸರ್ವೆ ನಕ್ಷೆಯೇ ಸಾಕ್ಷಿ. ಟೈಟಲ್ ಇನ್ಶೂರೆನ್ಸ್ ಮೇಲೆ ಕೊಂಡ ಎಷ್ಟೋ ಮನೆಗಳ ಕಾಗದಪತ್ರದಲ್ಲಿ ಆ ನಕ್ಷೆ ಇರುವುದೇ ಇಲ್ಲ. ಆಗ ಪರವಾನಗಿ ಪಡೆದ ಸರ್ವೇಯರ್‌ರಿಂದ ಅಳೆಸಬೇಕು. ದುಬಾರಿಯೇ ಹೌದು, ಆದರೆ ಗಡಿಯ ಹತ್ತಿರದ ಮರಕ್ಕೆ ಬೇರೆ ದಾರಿಯಿಲ್ಲ.

ಒಡೆತನ ಖಚಿತವಾದ ಮೇಲೆ ಅರ್ಜಿ ಸರಳ. ಮಾಲೀಕರ ಸಹಿ, ಆರ್ಬರಿಸ್ಟ್ ವರದಿ, ಫೋಟೊಗಳು, ಬದಲಿ ಗಿಡ ನೆಡುವ ಯೋಜನೆ, ಶುಲ್ಕ. ಗಡಿಮರವಾದರೆ ನೆರೆಯವರ ಒಪ್ಪಿಗೆ ಪತ್ರ. ಬಾಡಿಗೆದಾರರು ಅರ್ಜಿ ಹಾಕುವಂತಿಲ್ಲ. ಶುಲ್ಕ ಆಗಾಗ ಬದಲಾಗುತ್ತದೆ. ಕಟ್ಟಡದ ಕೆಲಸಕ್ಕಾಗಿ ಕಡಿಸುವ ಮರಕ್ಕೆ ಹೆಚ್ಚು. ಇನ್ಸ್‌ಪೆಕ್ಟರ್ ಬಂದು ಮರ ನೋಡುತ್ತಾರೆ. ಮರ ಆರೋಗ್ಯವಾಗಿದ್ದರೆ ಮನೆಯೆದುರು ನೋಟಿಸ್ ಹಲಗೆ ನಿಲ್ಲುತ್ತದೆ, ವಾರ್ಡಿನ ಕೌನ್ಸಿಲರ್‌ಗೂ ತಿಳಿಸಲಾಗುತ್ತದೆ. ಎಲೆ ಉದುರುತ್ತದೆ, ನೆರಳು ಬೀಳುತ್ತದೆ, ಕಾರಿನ ಮೇಲೆ ಅಂಟು ಸುರಿಯುತ್ತದೆ ಎಂಬ ಕಾರಣಗಳಿಗೆ ಅಲ್ಲಿ ಬೆಲೆಯಿಲ್ಲ.

ಸತ್ತ ಮರ, ಉಳಿಯದಷ್ಟು ರೋಗ ಹಿಡಿದ ಮರ, ಇನ್ನೇನು ಬೀಳುವಂತಿರುವ ಮರ ಇವಕ್ಕೆ ಪರ್ಮಿಟ್ ಬೇಕಿಲ್ಲ. ಆದರೆ ಕಡಿಯುವ ಮುನ್ನ ಫೋಟೊ ಅಥವಾ ವರದಿಯೊಂದಿಗೆ ನಗರಕ್ಕೆ ತೋರಿಸಿ ಒಪ್ಪಿಸಬೇಕು. 2007ರಲ್ಲಿ ಟೊರಾಂಟೊದಲ್ಲಿ ಪತ್ತೆಯಾದ ಎಮರಾಲ್ಡ್ ಆ್ಯಶ್ ಬೋರರ್ ಎಂಬ ಹಸಿರು ಜೀರುಂಡೆಯ ಮರಿಹುಳು ತೊಗಟೆಯಡಿಯ ಪದರ ತಿಂದು ಅಸಂಖ್ಯ ಆ್ಯಶ್ ಮರಗಳನ್ನು ಕೊಂದಿದೆ. ಇಂಥವು ಸುಲಭವಾಗಿ ಒಪ್ಪಿಗೆಯಾಗುತ್ತವೆ. ಆದರೆ ಜನವರಿಯಲ್ಲಿ ಬಂದಿಳಿದವರ ಕಣ್ಣಿಗೆ ಬೀದಿಯ ಮರಗಳೆಲ್ಲ ಸತ್ತಂತೆಯೇ ಕಾಣುತ್ತವೆ. ಹೊಂಗೆ, ಮಾವು ನೋಡಿ ಬೆಳೆದವರಿಗೆ ಅಷ್ಟು ತಿಂಗಳು ಬೋಳಾಗಿ ನಿಂತ ಮರ ಅಪರಿಚಿತ. ಎಳೆ ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದಾಗ ಕೆಳಗೆ ಹಸಿರು ಪದರ ಕಂಡರೆ ಆ ರೆಂಬೆ ಜೀವಂತವಾಗಿದೆ. ಮೇ ತಿಂಗಳವರೆಗೆ ಕಾಯದೆ ಯಾವ ಮರವನ್ನೂ ಸತ್ತಿದೆಯೆಂದು ಬರೆಯಬಾರದು.

ಕಡಿಯದೆಯೂ ತಪ್ಪಾಗುವ ಸಂದರ್ಭವೊಂದಿದೆ. ಬೇಸ್‌ಮೆಂಟನ್ನು ಬಾಡಿಗೆಗೆ ಕೊಡಲು ಪಕ್ಕದ ಗೋಡೆಗೆ ಬಾಗಿಲು ಇಡಿಸುವಾಗ, ಡ್ರೈವ್‌ವೇ ಅಗಲ ಮಾಡಿಸುವಾಗ ಬೇರು ಕತ್ತರಿಸಿದರೆ ಅದೂ ಮರಕ್ಕೆ ಮಾಡಿದ ಹಾನಿಯೇ. 30ರಿಂದ 40 ಸೆಂ.ಮೀ. ವ್ಯಾಸದ ಮರದ ಸುತ್ತ ಕನಿಷ್ಠ 2.4 ಮೀಟರ್ ದೂರದೊಳಗೆ ಪರ್ಮಿಟ್ ಇಲ್ಲದೆ ಅಗೆಯುವಂತಿಲ್ಲ. ಮರ ದಪ್ಪವಾದಷ್ಟೂ ಈ ದೂರ ಹೆಚ್ಚುತ್ತದೆ. ನೆರೆಯವರ ಮರದ ಬೇರು ಈಚೆಗೆ ಚಾಚಿದ್ದರೂ ಇದೇ ನಿಯಮ. ಟೊರಾಂಟೊದ ದಂಡ ಮರವೊಂದಕ್ಕೆ 500 ಡಾಲರ್‌ನಿಂದ 1,00,000 ಡಾಲರ್‌ವರೆಗೆ. ದಂಡದ ನೋಟಿಸ್ ಮನೆಯ ಮಾಲೀಕರ ಹೆಸರಿಗೂ ಬರುತ್ತದೆ. ಪರ್ಮಿಟ್ ಚಿಂತೆ ಬೇಡ ಎನ್ನುವ ಗುತ್ತಿಗೆದಾರರನ್ನು ಬಾಗಿಲಲ್ಲೇ ಕಳಿಸಿಬಿಡುವುದು ಒಳಿತು. ಕೆಲಸಗಾರರ ವಿಮೆಯ ಪತ್ರ ತೋರಿಸದವರನ್ನೂ ಅಷ್ಟೇ.

ಪರ್ಮಿಟ್ ಸಿಕ್ಕ ಮೇಲೂ ಗೂಡುಗಳನ್ನು ನೋಡಿಕೊಳ್ಳಬೇಕು. ವಲಸೆ ಹಕ್ಕಿಗಳ ಗೂಡಿಗೆ ಕೆನಡಾದ 1994ರ ಕಾಯ್ದೆಯ ರಕ್ಷಣೆಯಿದೆ. ಹಾಗಾಗಿ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಕಡಿಸದಿರುವುದು ಕ್ಷೇಮ. ಬೊಡ್ಡೆ ಕೀಳಿಸುವ ಮುನ್ನ ಒಂಟಾರಿಯೊ ಒನ್ ಕಾಲ್‌ಗೆ ತಿಳಿಸಿ ಗ್ಯಾಸ್, ವಿದ್ಯುತ್ ಮಾರ್ಗಗಳನ್ನು ಗುರುತಿಸಿಕೊಳ್ಳಬೇಕು. ಮನೆಯವರಿಗೆ ಇದು ಉಚಿತ. ಬದಲಿ ಗಿಡ ನೆಡುವುದು ಪರ್ಮಿಟ್ಟಿನ ಷರತ್ತು, ಜಾಗವಿಲ್ಲದವರು ಅದಕ್ಕೆ ಹಣ ಕಟ್ಟಬೇಕು. ಮನೆಯ ಮುಂದಿನ ನಗರದ ಪಟ್ಟಿಯಲ್ಲಿ ಜಾಗವಿದ್ದರೆ 311ಕ್ಕೆ ಹೇಳಿ. ನಗರದವರೇ ಬಂದು ಬಿಟ್ಟಿಯಾಗಿ ಗಿಡ ನೆಟ್ಟು ಹೋಗುತ್ತಾರೆ.