ಮೊದಲ ಜಿಗ್ಗಿಂಗ್ ಸೆಟ್ಟಿನ ಲೆಕ್ಕ

ಸಮುದ್ರದಲ್ಲಿ ಜಿಗ್ ಎಂಬ ಸೀಸದ ಹುಸಿಮೀನನ್ನು ಇಳಿಬಿಟ್ಟು ಮೀನು ಹಿಡಿಯಲು ಹೊರಟವರ ಮೊದಲ ಸೆಟ್ಟಿನಲ್ಲಿ ನಾಲ್ಕು ಬಾಬ್ತುಗಳಿವೆ: ರೀಲ್, ರಾಡ್, ದಾರ, ಮತ್ತು ಜಿಗ್, ಲೀಡರ್, ಗಾಳದಂಥ ಕಳೆದುಹೋಗುವ ಸಾಮಾನು. ಇವುಗಳಲ್ಲಿ ಹಣ ಹೆಚ್ಚು ಬೇಡುವುದು ರೀಲ್. ಹತ್ತು ಸಾವಿರದ ರೀಲಿನ ಪಕ್ಕದಲ್ಲೇ ರಾಡ್, ರೀಲ್, ದಾರ ಮೂರೂ ಸೇರಿ ನಾಲ್ಕು ಸಾವಿರಕ್ಕೆ ಸಿಗುವ ಕಾಂಬೊ ಇಟ್ಟಿರುವಾಗ ಕೊಳ್ಳುವವರ ಕೈ ಸಹಜವಾಗಿ ಕಾಂಬೊ ಕಡೆ ಹೋಗುತ್ತದೆ. ಮುಂದಿನ ಲೆಕ್ಕ ಹತ್ತು ಸಾವಿರದ ರೀಲ್ ಆರಿಸಿದ ಒಂದು ಖರೀದಿಯದು. ಖರೀದಿ ಅಂಕಣಕಾರನದೇ, ಬೆಲೆಗಳನ್ನು ಲೆಕ್ಕಕ್ಕೆ ಅನುಕೂಲವಾಗುವಂತೆ ದುಂಡಗೆ ಮಾಡಲಾಗಿದೆ.

ಈ ಲೆಕ್ಕ ಬರೆಯುತ್ತಿರುವ, ಕಲಘಟಗಿ ತಾಲ್ಲೂಕಿನ ತಂಬೂರ ಕಡಲಿನಿಂದ ದೂರದ ಊರು. ಆದರೂ ಇಲ್ಲಿನ ನೀರಿಗೆ ಕಡಲಿನ ದಾರಿ ಗೊತ್ತು. ಕಲಘಟಗಿ ಸೀಮೆಯ ಹಳ್ಳಗಳು ಬೇಡ್ತಿ ಸೇರುತ್ತವೆ. ಬೇಡ್ತಿ ಯಲ್ಲಾಪುರದ ಕಾಡು ಹೊಕ್ಕು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಲ್ಲಿ ಅಂಕೋಲಾ ಸೀಮೆಯಲ್ಲಿ ಅರಬ್ಬೀ ಸಮುದ್ರ ಮುಟ್ಟುತ್ತದೆ. ಮನುಷ್ಯರ ದಾರಿಯೂ ಹೆಚ್ಚುಕಡಿಮೆ ಅದೇ. ಮೊದಲು 63, ಈಗ 52 ಎಂಬ ಸಂಖ್ಯೆಯ ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ ಕಲಘಟಗಿಯ ಮೇಲೆಯೇ ಹಾಯುತ್ತದೆ. ಕಲಘಟಗಿಯಿಂದ ಅಂಕೋಲಾಕ್ಕೆ ನೂರು ಕಿಲೋಮೀಟರ್ ಆಸುಪಾಸು. ಅಲ್ಲಿಂದ ಉತ್ತರಕ್ಕೆ ಹೋದರೆ ಕಾರವಾರ, ದಕ್ಷಿಣಕ್ಕೆ ಹೋದರೆ ತದಡಿ, ಹೊನ್ನಾವರ, ಮುರುಡೇಶ್ವರ. ಬೆಳಗಿನ ಜಾವ ದೋಣಿ ಹತ್ತಬೇಕಾದವರು ಹಿಂದಿನ ರಾತ್ರಿಯೇ ಹೊರಡಬೇಕು. ಪ್ರಯಾಣ ಸೇರಿಸಿದರೆ ಒಂದು ದಿನದ ಮೀನುಗಾರಿಕೆಗೆ ಎರಡು ದಿನದ ಬಿಡುವು ಬೇಕಾಗುತ್ತದೆ.

ಕೆರೆಯಲ್ಲಿ ಗಾಳ ಹಾಕಿ ಕಲಿತವರ ಮನೆಯಲ್ಲಿ ಒಂದು ಸೆಟ್ ಆಗಲೇ ಇರುತ್ತದೆ. ಕಾಟ್ಲಾ, ರೋಹು, ಗೆಂಡೆ ಮೀನಿಗೆ ಸಾಕಾಗುವ ಎಂಟು ಅಡಿಯ ಮೆತ್ತನೆಯ ರಾಡು, 3000 ಅಳತೆಯ ರೀಲು, ನೈಲಾನ್ ದಾರ. ದಡದಿಂದ ದೂರ ಎಸೆದು ಕಾಯುವ ಆ ಕೆಲಸಕ್ಕೆ ಉದ್ದ ರಾಡ್ ಅನುಕೂಲ. ಜಿಗ್ಗಿಂಗ್‌ನಲ್ಲಿ ಎಸೆಯುವ ಮಾತೇ ಇಲ್ಲ. ದೋಣಿಯ ಅಂಚಿನಿಂದ ನೂರು ಗ್ರಾಂ ಸೀಸವನ್ನು ನೇರ ತಳಕ್ಕೆ ಇಳಿಸಿ, ಎತ್ತಿ ಬಿಟ್ಟು ಎತ್ತಿ ಬಿಟ್ಟು ತರಬೇಕು. ಎಂಟು ಅಡಿಯ ರಾಡಿನಲ್ಲಿ ಒಂದು ತಾಸು ಇದನ್ನು ಮಾಡಿದರೆ ಮೊದಲು ದಣಿಯುವುದು ಸೊಂಟ. ಕೆರೆಯ ಸೆಟ್ಟನ್ನು ಕೆರೆಗೇ ಬಿಡುವುದು ಲೇಸು.  

ಸೆಟ್ ಆರಿಸುವುದನ್ನು ಆಳದಿಂದ ಶುರು ಮಾಡಬೇಕು. ಕರ್ನಾಟಕದ ಕರಾವಳಿಯಲ್ಲಿ ಸಮುದ್ರದ ತಳ ನಿಧಾನವಾಗಿ ಇಳಿಯುತ್ತದೆ. ಹೊಸಬರು ಹೋಗುವಷ್ಟು ದೂರದಲ್ಲಿ ಮೂವತ್ತು ನಲವತ್ತು ಮೀಟರ್ ಆಳವೇ ಸಾಮಾನ್ಯ. ಅಷ್ಟು ಆಳಕ್ಕೆ, ಸೆಳೆತ ವಿಪರೀತ ಇಲ್ಲದ ದಿನ, 60ರಿಂದ 120 ಗ್ರಾಂ ಜಿಗ್ ಸಾಕು. ಆ ಜಿಗ್ಗಿಗೆ ಪಿಇ 3, ಅಂದರೆ ಹೆಣೆದ ಪಾಲಿಎಥಿಲೀನ್ ದಾರ, ಮತ್ತು ದಾರಕ್ಕೂ ಜಿಗ್ಗಿಗೂ ನಡುವೆ ಕಟ್ಟುವ ಐವತ್ತು ಅರವತ್ತು ಪೌಂಡಿನ ಲೀಡರ್ ಹೊಂದುತ್ತವೆ. ಇಸ್ವಾಣಕ್ಕೆ ಹಲ್ಲು ಹರಿತ, ಲೀಡರ್ ಕತ್ತರಿಸುತ್ತದೆ; ಮುರು ಮೀನು ಕಲ್ಲಿನ ಸಂದಿಗೆ ನುಗ್ಗುತ್ತದೆ; ಕೊಕ್ಕರ್ ಸೋಲದೆ ಎಳೆಯುತ್ತದೆ. ಮೂರಕ್ಕೂ ಇದೇ ದಾರ ನಡೆಯುತ್ತದೆ. ಪಿಇ 6, 8 ಎಂಬ ಹಗ್ಗಗಳು ದೊಡ್ಡ ಟ್ಯೂನಾ ಬೆನ್ನು ಹತ್ತುವವರಿಗೆ.

ದಾರದಲ್ಲಿ ನೈಲಾನ್ ಬೇಡ. ತುಂಡಾಗುವ ಮೊದಲು ಅದು ತನ್ನ ಉದ್ದದ ಐದನೇ ಒಂದು ಪಾಲಿನಷ್ಟು ಹಿಗ್ಗಬಲ್ಲದು. ಮೇಲೆ ಕೈ ಎತ್ತಿದ್ದು ನಲವತ್ತು ಮೀಟರ್ ಕೆಳಗಿನ ಜಿಗ್ಗಿಗೆ ಅರೆಬರೆ ಮುಟ್ಟುತ್ತದೆ. ಪಿಇ ಹಿಗ್ಗುವುದು ಶೇ 3–4 ಮಾತ್ರ. ದಪ್ಪವೂ ಕಡಿಮೆ: ಪಿಇ 1ಕ್ಕೆ 0.165 ಮಿಲಿಮೀಟರ್, ಪಿಇ 3ಕ್ಕೆ 0.285. ದಪ್ಪ ಕಡಿಮೆ ಇದ್ದಷ್ಟೂ ಸೆಳೆತ ಹಿಡಿಯುವುದು ಕಡಿಮೆ, ಜಿಗ್ ನೇರ ಇಳಿಯುತ್ತದೆ. ಮುನ್ನೂರು ಮೀಟರ್ ಸುತ್ತಿಸಬೇಕು. ಸ್ಪೂಲಿನ ತಳಕ್ಕೆ ಮೊದಲು ಹತ್ತಾರು ಸುತ್ತು ನೈಲಾನ್ ಹಾಕದಿದ್ದರೆ ಇಡೀ ಪಿಇ ಸುರುಳಿಯೇ ಸ್ಪೂಲಿನ ಮೇಲೆ ಜಾರುತ್ತದೆ. ನೈಲಾನಿಗೆ ಇಲ್ಲಿರುವ ಕೆಲಸ ಅದೊಂದೇ.

ರಾಡಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆರಡಿ ಆಸುಪಾಸಿನ ಉದ್ದ, ಪಿಇ 2–4 ಎಂದು ಬರೆದಿರುವುದು, 150 ಗ್ರಾಂವರೆಗಿನ ಜಿಗ್ ತಾಳುವುದು, ಇಷ್ಟು ಸಾಕು. ದಾರ ಹಾಯುವ ಗೈಡ್‌ಗಳ ಒಳಗಿನ ಬಳೆಯ ಮೇಲೆ ಬೆರಳಾಡಿಸಿ ನೋಡಬೇಕು. ಅಲ್ಲಿ ಕೂದಲೆಳೆಯ ಬಿರುಕಿದ್ದರೂ ಎರಡು ಸಾವಿರದ ದಾರ ಅದಕ್ಕೆ ಉಜ್ಜಿ ಹಾಳಾಗುತ್ತದೆ. ಬಸ್ಸಿನಲ್ಲಿ ಹೋಗುವವರಿಗೆ ಹಿಡಿಯ ಹತ್ತಿರ ಬಿಚ್ಚಿಕೊಳ್ಳುವ ರಾಡ್ ಅನುಕೂಲ. ಆರಡಿಯ ಒಂದೇ ತುಂಡನ್ನು ಸೀಟುಗಳ ನಡುವೆ ಕಾಪಾಡಿಕೊಳ್ಳುವುದು ಪ್ರಯಾಸದ ಕೆಲಸ. ಐದು ಸಾವಿರದ ರಾಡಿಗೂ ಹದಿನೈದು ಸಾವಿರದ ರಾಡಿಗೂ ಇರುವ ವ್ಯತ್ಯಾಸ ಹೊಸಬರ ಕೈಗೆ ಗೊತ್ತಾಗುವುದಿಲ್ಲ.

ರೀಲಿನಲ್ಲಿ ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ. ಹೊಸಬರಿಗೆ ಸ್ಪಿನ್ನಿಂಗ್ ರೀಲ್ ಸರಿ. ಓವರ್‌ಹೆಡ್ ರೀಲಿನಲ್ಲಿ ದಾರವನ್ನು ಹೆಬ್ಬೆರಳಿನಿಂದ ಸರಿಪಡಿಸುತ್ತ ಸುತ್ತಬೇಕು, ಅದು ಎರಡನೆಯ ಪಾಠ. ಅಳತೆ 5000ದಿಂದ 6000. ಮೈ ಅಲ್ಯೂಮಿನಿಯಂ ಆಗಿರಬೇಕು. ಹಗುರ ಪ್ಲಾಸ್ಟಿಕ್ ಮೈ ಭಾರ ಬಿದ್ದಾಗ ಬಾಗುತ್ತದೆ, ಒಳಗಿನ ಹಲ್ಲುಚಕ್ರಗಳು ಸರಿಯಾಗಿ ಕೂಡದೆ ಸವೆಯುತ್ತವೆ. ಮೀನು ಎಳೆದಾಗ ಬಿಗಿ ಹಿಡಿದು ದಾರ ಬಿಟ್ಟುಕೊಡುವ ಡ್ರ್ಯಾಗ್ ಭಾಗದ ವಾಷರ್ ಕಾರ್ಬನ್‌ನದಾಗಿರಲಿ. ಉಪ್ಪುನೀರು ಒಳಗೆ ಇಳಿಯದಂತೆ ಸೀಲ್ ಇದ್ದರೆ ಇನ್ನೂ ಒಳ್ಳೆಯದು. ಐಪಿಎಕ್ಸ್5 ಎಂಬ ಗುರುತು ಚಿಮ್ಮುವ ನೀರನ್ನು ತಡೆಯುತ್ತದೆ ಎಂದು ಹೇಳುತ್ತದೆಯೇ ಹೊರತು ಮುಳುಗಿಸಿದರೂ ಉಳಿಯುತ್ತದೆ ಎಂದು ಹೇಳುವುದಿಲ್ಲ. ಶಿಮಾನೊ, ಡೈವಾ, ಪೆನ್ ಮೂರರಲ್ಲೂ ಈ ಮಟ್ಟದ ರೀಲುಗಳಿವೆ. ಹೆಸರಿಗಿಂತ ಬಿಡಿಭಾಗ ಮತ್ತು ರಿಪೇರಿ ಎಲ್ಲಿ ಸಿಗುತ್ತದೆ ಎಂದು ನೋಡಿ ಆರಿಸಬೇಕು.

ಇನ್ನು ಲೆಕ್ಕ. ದಾರ, ಜಿಗ್, ಲೀಡರ್ ಎರಡೂ ದಾರಿಯಲ್ಲಿ ಒಂದೇ ಆದ್ದರಿಂದ ಅವನ್ನು ಬಿಡೋಣ. ಹತ್ತು ಸಾವಿರದ ರೀಲ್, ಐದು ಸಾವಿರದ ರಾಡ್, ಒಟ್ಟು 15,000. ಎದುರಿಗೆ 4,000ದ ಕಾಂಬೊ. ಅವಧಿ ಐದು ವರ್ಷ, ವರ್ಷಕ್ಕೆ ನಾಲ್ಕು ಸಲ ಸಮುದ್ರ, ಒಟ್ಟು ಇಪ್ಪತ್ತು ಸಲ.

ಒಳ್ಳೆಯ ರೀಲನ್ನು ಐದು ವರ್ಷದ ಮೇಲೆ ಅರ್ಧ ಬೆಲೆಗೆ ಮಾರಬಹುದು ಎಂದು ಹಿಡಿದರೆ 5,000, ರಾಡಿಗೆ 2,000. ಮರಳಿ ಬರುವುದು 7,000, ಸವೆದದ್ದು 8,000. ವರ್ಷಕ್ಕೊಮ್ಮೆ ಬಿಚ್ಚಿ ಗ್ರೀಸ್ ಹಾಕಿಸಲು 500ರಂತೆ 2,500. ಒಟ್ಟು 10,500. ಇಷ್ಟಕ್ಕೇ ನಿಲ್ಲಿಸಿದರೆ ಲೆಕ್ಕ ಅರ್ಧವೇ ಆಯಿತು. ಕಾಂಬೊಗಿಂತ ಹೆಚ್ಚಿಗೆ ಹಾಕಿದ 11,000 ಠೇವಣಿಯಲ್ಲಿದ್ದರೆ ಶೇ 6.5ರ ಸರಳ ಬಡ್ಡಿಯಲ್ಲಿ ವರ್ಷಕ್ಕೆ 715, ಐದು ವರ್ಷಕ್ಕೆ 3,575 ದುಡಿಯುತ್ತಿತ್ತು. ಅದನ್ನೂ ಕೂಡಿಸಿದರೆ 14,075. ಇಪ್ಪತ್ತರಿಂದ ಭಾಗಿಸಿದರೆ ಸಲಕ್ಕೆ 704 ರೂಪಾಯಿ. ಕಾಂಬೊ ಕೊಳ್ಳುವವರೂ ಮುಂದೆ ಮತ್ತೆ ಹಣ ಹಾಕುವವರೇ ಆದ್ದರಿಂದ ಬಡ್ಡಿಯ ಅಂಕಿ ದುಬಾರಿ ಸೆಟ್ಟಿಗೆ ತುಸು ಹೆಚ್ಚೇ ಹೇರಿದ್ದು. ಇರಲಿ.

ಕಾಂಬೊ ಒಂದು ಹಂಗಾಮು ಬಾಳಿದರೆ ಐದು ವರ್ಷಕ್ಕೆ ಐದು ಬೇಕು: 20,000, ಸಲಕ್ಕೆ 1,000. ಎರಡು ಹಂಗಾಮು ಬಾಳಿದರೆ ಮೂರು ಬೇಕು: 12,000, ಸಲಕ್ಕೆ 600. ಇಲ್ಲಿ ಕಾಂಬೊ ಗೆದ್ದಂತೆ ಕಾಣುತ್ತದೆ. ಆದರೆ ರೀಲ್ ಕೆಡುವುದು ಮನೆಯ ಅಟ್ಟದ ಮೇಲಲ್ಲ, ಭಾರ ಬಿದ್ದಾಗ, ಸಮುದ್ರದ ಮೇಲೆ. ಒಂದು ಸಲಕ್ಕೆ ದೋಣಿಯ ಪಾಲು 2,000, ಪ್ರಯಾಣ 700, ಊಟ ಮತ್ತು ಐಸು 300, ಕಳೆದ ಜಿಗ್, ಲೀಡರ್ 800, ಒಟ್ಟು 3,800 ಎಂದು ಹಿಡಿಯೋಣ. ರೀಲ್ ಕೆಟ್ಟ ದಿನ ಅದರ ಅರ್ಧ, 1,900, ನೀರುಪಾಲು. ಮೂರು ಕಾಂಬೊಗಳಲ್ಲಿ ಮೊದಲ ಎರಡು ಹೀಗೆ ಕೆಟ್ಟರೆ 3,800; ಸಲಕ್ಕೆ 190. ಈಗ ಕಾಂಬೊ 790, ದುಬಾರಿ ಸೆಟ್ 704. ಕಾಂಬೊ ಮೂರು ಹಂಗಾಮು ಬಾಳಿದರೆ ಮಾತ್ರ ಲೆಕ್ಕ ತಿರುಗಿಬೀಳುತ್ತದೆ: ಎರಡು ಸೆಟ್, ಒಂದು ಕೆಟ್ಟ ದಿನ, ಒಟ್ಟು 9,900, ಸಲಕ್ಕೆ 495.

ಸಲಗಳ ಸಂಖ್ಯೆ ಬದಲಾದರೆ ಉತ್ತರವೂ ಬದಲಾಗುತ್ತದೆ. ವರ್ಷಕ್ಕೆ ಎಂಟು ಸಲ ಹೋಗುವವರಿಗೆ ದುಬಾರಿ ಸೆಟ್ ಬೀಳುವುದು ಸಲಕ್ಕೆ 352 ರೂಪಾಯಿ. ವರ್ಷಕ್ಕೊಮ್ಮೆ ಹೋಗುವವರಿಗೆ 2,815. ಅಂಥವರು ಎರಡನ್ನೂ ಕೊಳ್ಳದೆ ದೋಣಿಯವರ ಬಳಿ ಇರುವುದನ್ನೋ ಗೆಳೆಯರದನ್ನೋ ಬಳಸುವುದು ಮೇಲು. ವರ್ಷಕ್ಕೆ ನಾಲ್ಕು ಸಲದವರ ಐದು ವರ್ಷದ ಒಟ್ಟು ಖರ್ಚು, ದಾರ ಬಿಟ್ಟು, 90,075 ರೂಪಾಯಿ. ಅದರಲ್ಲಿ ರಾಡ್ ಮತ್ತು ರೀಲಿನ ಪಾಲು ಆರರಲ್ಲಿ ಒಂದಕ್ಕಿಂತ ಕಡಿಮೆ. ಉಳಿದದ್ದೆಲ್ಲ ದೋಣಿ, ದಾರಿ, ಜಿಗ್. ಮನೆಯಲ್ಲಿ ಜಗಳ ಮಾತ್ರ ರೀಲಿನ ಬೆಲೆಯ ಮೇಲೆ ನಡೆಯುತ್ತದೆ.

ಕಾಂಬೊ ಎಂಬ ಸರಕಿನ ಬಗ್ಗೆ ಇನ್ನೆರಡು ಮಾತು. ಡಬ್ಬದ ಮೇಲೆ ‘ಡ್ರ್ಯಾಗ್ 20 ಕೆಜಿ’, ‘ಬೇರಿಂಗ್ 13’ ಎಂದು ಅಚ್ಚು ಹಾಕಿರುತ್ತಾರೆ. ನಲವತ್ತು ಪೌಂಡಿನ ದಾರ ಎಂದರೆ 18 ಕೆಜಿ. ಡ್ರ್ಯಾಗನ್ನು ಅದರ ಮೂರನೇ ಒಂದು ಪಾಲಿಗೆ, ಆರು ಕೆಜಿಗೆ ಹಿಡಿಯುವುದು ರೂಢಿ. ದಾರವೇ ತಾಳದ ಇಪ್ಪತ್ತು ಕೆಜಿ ಯಾರಿಗೆ ಬೇಕು? ಬೇಕಾದದ್ದು ಆರು ಕೆಜಿಯಲ್ಲಿ ತಡವರಿಸದೆ, ನುಣ್ಣಗೆ ಬಿಟ್ಟುಕೊಡುವ ಡ್ರ್ಯಾಗ್. ಅದನ್ನು ಡಬ್ಬದ ಮೇಲೆ ಯಾರೂ ಬರೆಯುವುದಿಲ್ಲ. ಬೇರಿಂಗ್ ಹದಿಮೂರಿದ್ದು ಎಲ್ಲಕ್ಕೂ ತುಕ್ಕು ಹಿಡಿದರೆ ಐದೇ ಇದ್ದು ತಿರುಗುವುದು ವಾಸಿ. ಜತೆಗೆ ಕೊಡುವ ನೈಲಾನ್ ದಾರ ಜಿಗ್ಗಿಂಗ್‌ಗೆ ಬರುವುದಿಲ್ಲ, ಬಣ್ಣದ ಪ್ಲಾಸ್ಟಿಕ್ ಮೀನುಗಳು ನಲವತ್ತು ಮೀಟರ್ ಇಳಿಯುವುದಿಲ್ಲ. ಬಳಸದ ಸಾಮಾನಿಗೂ ಹಣ ಕೊಟ್ಟಂತಾಯಿತು. ಇಂಥ ಕಾಂಬೊವನ್ನೇ ಬಡ್ಡಿಯಿಲ್ಲದ ಕಂತಿನಲ್ಲಿ ಕೊಡುತ್ತೇವೆ ಎನ್ನುವವರೂ ಇದ್ದಾರೆ. ಸಂಸ್ಕರಣಾ ಶುಲ್ಕ, ಅದರ ಮೇಲಿನ ಜಿಎಸ್‌ಟಿ ಎರಡನ್ನೂ ಕೂಡಿಸಿ ನೋಡಿದರೆ ಬಡ್ಡಿ ಬೇರೆ ಹೆಸರಿನಲ್ಲಿ ಕೂತಿರುತ್ತದೆ.

ಹಣ ಸಾಲದವರಿಗೆ ಬಳಸಿದ ರೀಲ್ ಒಳ್ಳೆಯ ದಾರಿ. ಎತ್ತು ಕೊಳ್ಳುವಾಗ ಹಲ್ಲು ನೋಡುವ ಹಾಗೆ ಇಲ್ಲಿಯೂ ನೋಡುವ ಜಾಗಗಳಿವೆ. ಹಿಡಿಯನ್ನು ನಿಧಾನ ತಿರುಗಿಸಿದಾಗ ಮರಳು ಅರೆದಂತೆ ಅನಿಸಬಾರದು. ದಾರ ಹಾಯುವ ರೋಲರ್ ಬೆರಳಿಗೆ ಸುಲಭವಾಗಿ ತಿರುಗಬೇಕು. ಹಿಡಿಯನ್ನು ಹಿಂದಕ್ಕೆ ತಳ್ಳಿದರೆ ಒಂದಿಷ್ಟೂ ಜಾರಬಾರದು. ಡ್ರ್ಯಾಗ್ ಬಿಗಿ ಮಾಡಿ ದಾರ ಎಳೆದಾಗ ಜಗ್ಗುತ್ತ ನಿಲ್ಲುತ್ತ ಬರಬಾರದು. ಈ ನಾಲ್ಕರಲ್ಲಿ ಪಾಸಾದ ರೀಲ್ ಅರ್ಧ ಬೆಲೆಗೆ ಸಿಕ್ಕರೆ ಹೊಸ ಕಾಂಬೊಗಿಂತ ಲಾಭ. ರಾಡನ್ನು ಮಾತ್ರ ಬಳಸಿದ್ದು ಕೊಳ್ಳಬಾರದು. ಕಾರ್ಬನ್ ಒಳಗೆ ಸೀಳಿದ್ದು ಹೊರಗೆ ಕಾಣುವುದಿಲ್ಲ.

ಒಳ್ಳೆಯ ರೀಲನ್ನೂ ಒಳ್ಳೆಯ ಲೆಕ್ಕವನ್ನೂ ಒಂದೇ ಹಂಗಾಮಿನಲ್ಲಿ ಕೆಡಿಸುವ ಅಭ್ಯಾಸಗಳಿವೆ. ಸಮುದ್ರದಿಂದ ಬಂದ ರಾತ್ರಿ ದಣಿವಾಯಿತೆಂದು ರೀಲನ್ನು ಚೀಲದಲ್ಲೇ ಬಿಟ್ಟು ಮಲಗುವುದು ಮೊದಲನೆಯದು. ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರನ್ನು ಮೆಲ್ಲಗೆ ಸಿಂಪಡಿಸಿ ತೊಳೆದು, ಒರೆಸಿ, ಆಮೇಲೆ ಡ್ರ್ಯಾಗ್ ಸಡಿಲ ಮಾಡಿ ನೆರಳಲ್ಲಿ ಒಣಗಿಸಲು ಕಾಲು ತಾಸು ಸಾಕು. ಜೋರು ನೀರು ಹಾಯಿಸಿದರೆ ಉಪ್ಪು ಒಳಗೇ ಹೋಗುತ್ತದೆ. ಡ್ರ್ಯಾಗ್ ಬಿಗಿಯಾಗಿಯೇ ಬಿಟ್ಟರೆ ವಾಷರ್‌ಗಳು ಅಂಟಿಕೊಳ್ಳುತ್ತವೆ. ಎರಡನೆಯ ಅಭ್ಯಾಸ ಜಿಗ್ ಕೂಡಿಡುವುದು. ಗಾತ್ರಕ್ಕೆ ಒಂದರಂತೆ ನಾಲ್ಕು ಜಿಗ್, ಅವಕ್ಕೆ ಕಟ್ಟುವ ಗಾಳಗಳಿಂದ ಶುರು ಮಾಡಿ, ಕಳೆದದ್ದನ್ನಷ್ಟೇ ತುಂಬಿಕೊಂಡರೆ ಸಾಕು. ಹೊಸ ಬಣ್ಣ ಬಂತೆಂದು ಕೊಂಡದ್ದು ಡಬ್ಬದಲ್ಲೇ ಉಳಿಯುತ್ತದೆ. ಮೂರನೆಯದು ಹಿಡಿದ ಮೀನಿನ ಬೆಲೆಯನ್ನು ಆದಾಯವೆಂದು ಬರೆದುಕೊಳ್ಳುವುದು. ನಾಲ್ಕು ಕೆಜಿ ಇಸ್ವಾಣ ಬಂದ ದಿನ ಪೇಟೆಯ ಧಾರಣೆ ನೆನಪಾಗುತ್ತದೆ, ಬರಿಗೈಯಲ್ಲಿ ಬಂದ ದಿನ ಮರೆತುಹೋಗುತ್ತದೆ. ಹವ್ಯಾಸ ಖರ್ಚಿನ ಕಡೆಯ ಬಾಬ್ತು. ಹಾಗೆಂದು ಒಪ್ಪಿಕೊಂಡವರ ಲೆಕ್ಕ ಸರಿ ಇರುತ್ತದೆ.

ಖರೀದಿಯ ಹೊತ್ತೂ ಮುಖ್ಯ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ನಿಷೇಧ ಮುಗಿದ ಮೇಲೂ ಅಲೆ ಇಳಿದು ನೀರು ತಿಳಿಯಾಗಲು ಸಮಯ ಬೇಕು. ಹೊಸಬರಿಗೆ ಅಕ್ಟೋಬರಿನಿಂದ ಮೇ ವರೆಗಿನ ಹಂಗಾಮೇ ಸರಿ. ಕಲಘಟಗಿ ಸೀಮೆಯಲ್ಲಿ ಗೋವಿನಜೋಳ ಮಾರಿ ಕೈಗೆ ಹಣ ಬರುವುದೂ ಆ ಹಂಗಾಮಿನ ಮೊದಲ ತಿಂಗಳುಗಳಲ್ಲೇ. ಬೀಜ, ಗೊಬ್ಬರದ ಬಾಕಿ, ಸೊಸೈಟಿಯ ಕಂತು, ಮಕ್ಕಳ ಫೀ ತೀರಿಸಿ ಉಳಿದದ್ದರಲ್ಲಿ ಮೊದಲು ಆ ವರ್ಷದ ನಾಲ್ಕು ಸಲದ ದೋಣಿ, ದಾರಿಯ ಖರ್ಚು, 15,200 ರೂಪಾಯಿ, ಎತ್ತಿಡಬೇಕು. ಅದಾದ ಮೇಲೆ ರೀಲ್, ಆಮೇಲೆ ದಾರ, ಕೊನೆಗೆ ರಾಡ್ ಮತ್ತು ಜಿಗ್. ಸೆಟ್ ಕೊಂಡು ದೋಣಿಗೆ ಹಣ ಉಳಿಯದಿದ್ದರೆ ಖರೀದಿಯನ್ನು ಮುಂದಿನ ಹಂಗಾಮಿಗೆ ಹಾಕಬೇಕು.