ಮನೆಯ ಮಿರ್ಚಿ ಮೆತ್ತಗಾಗುವುದೇಕೆ?

ಗಾಡಿಯ ಮಿರ್ಚಿ ಭಜಿ ಮನೆಯಲ್ಲಿ ಸರಿಹೋಗುವುದಿಲ್ಲ ಎನ್ನುವವರೆಲ್ಲ ಮೊದಲು ಅನುಮಾನಿಸುವುದು ಹಿಟ್ಟನ್ನು. ‘ಅವ್ರು ಅದರಾಗ ಏನೋ ಹಾಕ್ತಾರ್ರೀ’ ಎಂಬ ಮಾತು ಬಾಗಲಕೋಟೆಯಿಂದ ಇಳಕಲ್ಲಿನವರೆಗೂ ಚಾಲ್ತಿಯಲ್ಲಿದೆ. ಹಾಕುವುದಾದರೂ ಏನನ್ನು? ಕಡ್ಲಿ ಹಿಟ್ಟು, ಉಪ್ಪು, ಅಜವಾನ, ಚಿಟಿಕೆ ಸೋಡಾ, ಸಂತೆಯಲ್ಲಿ ಎಲ್ಲರಿಗೂ ಸಿಗುವ ಉದ್ದನೆಯ ತಿಳಿಹಸಿರು ಮೆಣಸಿನಕಾಯಿ. ಇವೆಲ್ಲ ನಮ್ಮ ಅಡುಗೆಮನೆಯಲ್ಲೂ ಇವೆ. ಹಾಗಿದ್ದೂ ಬಸ್‌ ಸ್ಟ್ಯಾಂಡಿನ ಗಾಡಿಯಲ್ಲಿ, ಬಾರಿನ ಮೇಜಿನ ಮೇಲೆ, ಬನಶಂಕರಿ ಜಾತ್ರೆಯಲ್ಲಿ ಚುನಮರಿ ಜೊತೆ ಗರಿಗರಿಯಾಗಿ ಬರುವ ಮಿರ್ಚಿ ನಮ್ಮ ತಟ್ಟೆಗೆ ಎಣ್ಣೆ ಕುಡಿದು, ಜೋತುಬಿದ್ದು ಬರುತ್ತದೆ. ಮನೆಯ ಒಲೆಯ ಮುಂದೆ ನಿಂತು ನಾನು ಕಲಿತದ್ದು ಇಷ್ಟೇ: ವ್ಯತ್ಯಾಸ ಇರುವುದು ಹಿಟ್ಟಿನಲ್ಲಲ್ಲ, ಬಾಣಲಿಯಲ್ಲಿರುವ ಎಣ್ಣೆ ಎಷ್ಟು ಶಾಖ ಹಿಡಿದಿಟ್ಟುಕೊಂಡಿದೆ ಎಂಬುದರಲ್ಲಿ.

ಲೆಕ್ಕ ಕಷ್ಟದ್ದೇನಲ್ಲ. ಕರಿಯುವುದೆಂದರೆ ಹಿಟ್ಟಿನೊಳಗಿನ ನೀರನ್ನು ಆವಿ ಮಾಡಿ ಹೊರಗೆ ಹಾಕುವುದು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,260 ಜೂಲ್‌ ಶಾಖ ಬೇಕು. ಒಂದು ಗ್ರಾಂ ಎಣ್ಣೆಯ ಬಿಸಿ ಒಂದು ಡಿಗ್ರಿ ಏರಲು ಸುಮಾರು ಎರಡೇ ಜೂಲ್‌ ಸಾಕು. ಅಂದರೆ ಒಂದು ಗ್ರಾಂ ನೀರು ಆವಿಯಾಗಿ ಹೋಗುವಾಗ ಒಂದು ಕಿಲೋ ಎಣ್ಣೆಯನ್ನು ಒಂದು ಡಿಗ್ರಿಗಿಂತ ತುಸು ಹೆಚ್ಚೇ ತಣಿಸುತ್ತದೆ. ದಪ್ಪ ಮಿರ್ಚಿಯೊಂದು ಹತ್ತು ಗ್ರಾಂ ನೀರು ಬಿಟ್ಟರೆ ಮನೆಯ ಅರ್ಧ ಕಿಲೋ ಎಣ್ಣೆಯಿಂದ ಇಪ್ಪತ್ತು ಡಿಗ್ರಿಯಷ್ಟು ಶಾಖ ಕಿತ್ತುಕೊಂಡ ಹಾಗೆ. ನಾಲ್ಕನ್ನು ಒಟ್ಟಿಗೆ ಬಿಟ್ಟರೆ ಎಂಬತ್ತು. ಅದನ್ನು ತುಂಬಿಕೊಡಲು ಮನೆಯ ಗ್ಯಾಸ್‌ ಒಲೆ ಏದುಸಿರು ಬಿಡುತ್ತದೆ. ಗಾಡಿಯ ಕಡಾಯಿಯಲ್ಲಿ ಐದು ಕಿಲೋ ಎಣ್ಣೆ ಇದ್ದರೆ ಅದೇ ಒಂದು ಮಿರ್ಚಿ ತಣಿಸುವುದು ಎರಡು ಡಿಗ್ರಿ. ಕೆಳಗಿನ ಭರ್ರೆನ್ನುವ ಉರಿಗೆ ಅದು ಲೆಕ್ಕಕ್ಕೇ ಇಲ್ಲ. ಕಣ್ಣಿಗೂ ಇದು ಕಾಣುತ್ತದೆ. ಎಣ್ಣೆ ಕಾದಿದ್ದಾಗ ಬಿಟ್ಟ ಮಿರ್ಚಿಯ ಸುತ್ತ ದೊಡ್ಡ ಗುಳ್ಳೆಗಳು ಎದ್ದು ಚರಚರ ಸದ್ದು ಬರುತ್ತದೆ, ಒಳಗಿನಿಂದ ನುಗ್ಗುವ ಆವಿ ಎಣ್ಣೆಯನ್ನು ಹೊರಗೇ ತಡೆಯುತ್ತದೆ. ಎಣ್ಣೆ ತಣಿದಿದ್ದರೆ ಗುಳ್ಳೆ ಸಣ್ಣವಾಗುತ್ತವೆ, ಸದ್ದು ಅಡಗುತ್ತದೆ, ಹೊರಪದರ ಗಟ್ಟಿಯಾಗುವ ಮೊದಲೇ ಹಿಟ್ಟು ನೆನೆದ ಅರಿವೆಯಂತಾಗುತ್ತದೆ.

ಹಾಗಾದರೆ ಸೋಡಾ ಇನ್ನಷ್ಟು ಹಾಕಿದರಾಯಿತಲ್ಲ ಎನ್ನುವವರಿದ್ದಾರೆ. ಸೋಡಾದಿಂದ ಹಿಟ್ಟು ಉಬ್ಬುತ್ತದೆ, ನಿಜ. ಆದರೆ ಅದು ಕ್ಷಾರ. ಬಣ್ಣವನ್ನು ಬೇಗ ತರುತ್ತದೆ. ಹೊರಗೆ ಕೆಂಪಗಾಯಿತೆಂದು ತೆಗೆದರೆ ಒಳಗೆ ಹಸಿಹಿಟ್ಟು. ಪ್ರಮಾಣ ಮೀರಿದರೆ ತೂತುಬಿದ್ದ ಪದರ ಎಣ್ಣೆಯನ್ನು ಹೀರುತ್ತದೆ, ಬಾಯಲ್ಲಿ ಸಾಬೂನಿನ ರುಚಿ ಉಳಿಯುತ್ತದೆ. ಇನ್ನು ಕೆಲವರದು ‘ಕರಿದ ಎಣ್ಣೆಯಲ್ಲೇ ರುಚಿ’ ಎಂಬ ವಾದ. ಇದನ್ನು ಪೂರ್ತಿ ತಳ್ಳಿಹಾಕಲಾರೆ: ಒಂದೆರಡು ಸಲ ಕಾದ ಎಣ್ಣೆಯಲ್ಲಿ ಬಣ್ಣ ಚೆಂದ ಬರುತ್ತದೆ. ಆದರೆ ಅಲ್ಲಿಂದ ಕರ್ರಗಿನ, ನೊರೆಯೇಳುವ ಎಣ್ಣೆಯವರೆಗೆ ಹೋಗುವುದು ರುಚಿಯ ಹಾದಿಯಲ್ಲ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮದಂತೆ, 2018ರ ಜುಲೈ 1ರಿಂದ, ಎಣ್ಣೆ ಮತ್ತೆ ಮತ್ತೆ ಕಾದು ಕೆಡುವಾಗ ಹೆಚ್ಚುವ ಒಟ್ಟು ಧ್ರುವೀಯ ಸಂಯುಕ್ತಗಳು ಶೇ. 25 ದಾಟಿದ ಎಣ್ಣೆಯನ್ನು ಬಳಸುವಂತಿಲ್ಲ. ಪುರಾತನ ಅಡುಗೆಗೆ ಇಷ್ಟೆಲ್ಲ ಲೆಕ್ಕ ಯಾಕೆ ಎಂಬ ಆಕ್ಷೇಪಕ್ಕೆ ಬಾದಾಮಿಯೇ ಉತ್ತರ. ಅಲ್ಲಿಯ ಮೂರನೇ ಗುಹೆಯ ಶಾಸನ 578ರದು. ಮೆಣಸಿನಕಾಯಿ ಅಮೆರಿಕದಿಂದ ಪೋರ್ಚುಗೀಸರ ಹಡಗೇರಿ ಬಂದದ್ದು ಅದಾಗಿ ಸಾವಿರ ವರ್ಷ ಹತ್ತಿರವಾದಾಗ. ಮಿರ್ಚಿ ತಿನ್ನದೆಯೇ ಚಾಲುಕ್ಯರು ರಾಜ್ಯ ಆಳಿದರು, ಪಾಪ.

ಮೆಣಸಿನಕಾಯಿಯ ಬಗ್ಗೆ ಎರಡು ಮಾತು ಸಾಕು. ಖಾರ ಇರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡ ಬಿಳಿ ನಾರಿನಲ್ಲಿ. ಉದ್ದಕ್ಕೆ ಸೀಳಿ ಅದನ್ನು ಕೆರೆದು ತೆಗೆದರೆ ಮಕ್ಕಳೂ ತಿನ್ನಬಹುದು. ತೊಳೆದ ಕಾಯಿಯನ್ನು ಒಣಗಿಸದೆ ಅದ್ದಿದರೆ ಹಿಟ್ಟು ಜಾರುತ್ತದೆ.

ಇಷ್ಟು ತಾಪತ್ರಯ ಏಕೆ, ಹೊರಗೆ ತಿಂದರಾಗದೇ ಎಂದು ಕೇಳಬಹುದು. ಗಾಡಿಯವರ ಹೊಟ್ಟೆಪಾಡಿಗೆ ನನ್ನ ತಕರಾರಿಲ್ಲ. ಆದರೆ ನಮ್ಮಲ್ಲಿ ಎಷ್ಟೋ ಜನರಿಗೆ ಮಿರ್ಚಿ ತಟ್ಟೆಯ ಪಕ್ಕ ಬಾಟಲಿಯೂ ಇರಬೇಕು. ಊರೂರಿಗೆ ಜೋಳಿಗೆ ಹಿಡಿದು ಹೋಗಿ ಜನರ ಚಟಗಳನ್ನೇ ಭಿಕ್ಷೆ ಬೇಡಿದ ಡಾ. ಮಹಾಂತ ಶಿವಯೋಗಿಗಳ ಮಠ ಇರುವುದು ಇದೇ ಇಳಕಲ್ಲಿನಲ್ಲಿ; ಅವರ ಜನ್ಮದಿನವಾದ ಆಗಸ್ಟ್‌ 1 ರಾಜ್ಯದಲ್ಲಿ ವ್ಯಸನಮುಕ್ತ ದಿನ. ಜೋಳಿಗೆಗೆ ಬಾಟಲಿ ಹಾಕಿದವನೂ ಮಿರ್ಚಿಯನ್ನು ಉಳಿಸಿಕೊಳ್ಳಬಹುದು, ಮನೆಯಲ್ಲಿ ಅದು ಸರಿಯಾಗಿ ಬಂದರೆ. ಅದಕ್ಕೆ ಸಣ್ಣ, ಆಳದ ಬಾಣಲಿ ಹುಡುಕಿ. ಎರಡಕ್ಕಿಂತ ಹೆಚ್ಚು ಒಟ್ಟಿಗೆ ಬಿಡಬೇಡಿ, ಮುಂದಿನ ಜೋಡಿಗೆ ಮೊದಲು ಎಣ್ಣೆ ಮತ್ತೆ ಕಾಯಲಿ. ತೆಗೆದ ಮೇಲೆ ಆವಿ ತಣಿಯುತ್ತಿದ್ದಂತೆ ಮೈಗಂಟಿದ ಎಣ್ಣೆ ಒಳಕ್ಕೆ ಇಳಿಯುತ್ತದೆ. ಆದ್ದರಿಂದ ಝಾರಾದಲ್ಲಿ ಒಂದು ಕ್ಷಣ ಚೆನ್ನಾಗಿ ಸೋರಿಸಿ. ಡಬ್ಬಿಗೆ ಹಾಕಿ ಮುಚ್ಚಬೇಡಿ. ಮನೆಮಂದಿಯನ್ನು ಮೊದಲೇ ಕೂರಿಸಿ, ಆಮೇಲೆ ಒಲೆ ಹಚ್ಚಿ.