ಸಾಕ್ಷಿಯ ನುಡಿ, ಓದುಗರ ಓಲೆ

ಇಟಲಿ ದೇಶದ ಒಂದು ಶಾಲೆ. ಐದನೆಯ ತರಗತಿಯ ಮಕ್ಕಳ ಮುಂದೆ ಹಿರಿಯರೊಬ್ಬರು ನಿಂತಿದ್ದರು. ಅವರ ಎಡಗೈಯ ಮೇಲೆ ಹಚ್ಚೆ ಹೊಯ್ದ ಒಂದು ಸಂಖ್ಯೆಯಿತ್ತು: 174517. ತಾವು ಅನುಭವಿಸಿದ ಸೆರೆವಾಸದ ವೃತ್ತಾಂತವನ್ನು ಅವರು ಹೇಳಿ ಮುಗಿಸಿದಾಗ, ಚುರುಕಾದ ಹುಡುಗನೊಬ್ಬನು ಎದ್ದು, ಹಾಗಾದರೆ ತಾವು ತಪ್ಪಿಸಿಕೊಂಡು ಓಡಿಹೋಗಲಿಲ್ಲವೇಕೆ ಎಂದು ಕೇಳಿದನು. ಅವರು ಕಾರಣಗಳನ್ನು ವಿವರಿಸಿದರು. ಹುಡುಗನಿಗೆ ಸಮಾಧಾನವಾಗಲಿಲ್ಲ. ಶಿಬಿರದ ನಕ್ಷೆಯನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಬೇಕೆಂದು ಬೇಡಿದನು. ಕಾವಲುಗೋಪುರ, ಹೆಬ್ಬಾಗಿಲು, ಮುಳ್ಳುತಂತಿಯ ಬೇಲಿ, ವಿದ್ಯುತ್ತಿನ ಕೇಂದ್ರ ಎಲ್ಲವನ್ನೂ ಅವರು ಬರೆದರು. ಹುಡುಗನು ಕೆಲವು ಕ್ಷಣ ದಿಟ್ಟಿಸಿ ನೋಡಿ ಉಪಾಯವನ್ನು ಹೇಳಿದನು: ರಾತ್ರಿಯ ಹೊತ್ತಿನಲ್ಲಿ ಕಾವಲುಗಾರನನ್ನು ಕೊಂದು, ಅವನ ಉಡುಪನ್ನು ತೊಟ್ಟು, ವಿದ್ಯುತ್ತನ್ನು ನಿಲ್ಲಿಸಿಬಿಟ್ಟರೆ ದೀಪಗಳು ಆರುತ್ತವೆ, ಬೇಲಿಯೂ ನಿರಪಾಯವಾಗುತ್ತದೆ, ಆಮೇಲೆ ಹೊರಟುಹೋಗುವುದು ಕಷ್ಟವಲ್ಲ. ಮತ್ತೊಮ್ಮೆ ಇಂಥದು ಒದಗಿದರೆ ಹೀಗೆಯೇ ಮಾಡಿರಿ ಎಂದು ಅವನು ಗಂಭೀರವಾಗಿ ಬುದ್ಧಿ ಹೇಳಿದನು.

ಆ ಹಿರಿಯರೇ ಪ್ರಿಮೊ ಲೇವಿ. ಅವರು 1919ರ ಜುಲೈ 31ರಂದು ಟ್ಯೂರಿನ್ ನಗರದ ಯೆಹೂದ್ಯ ಮನೆತನದಲ್ಲಿ ಹುಟ್ಟಿದರು, ರಸಾಯನಶಾಸ್ತ್ರವನ್ನು ಓದಿದರು. 1938ರಲ್ಲಿ ಇಟಲಿಯ ಫ್ಯಾಸಿಸ್ಟ್ ಸರ್ಕಾರವು ಯೆಹೂದ್ಯರ ಹಕ್ಕುಗಳನ್ನು ಕಸಿಯುವ ಶಾಸನಗಳನ್ನು ಜಾರಿಗೆ ತಂದಿತು. 1941ರಲ್ಲಿ ಲೇವಿಯವರಿಗೆ ದೊರೆತ ಪದವಿಪತ್ರದಲ್ಲಿಯೂ ಅವರು ಯೆಹೂದ್ಯ ಜನಾಂಗದವರೆಂದು ನಮೂದಿಸಲಾಗಿತ್ತು. ಮುಂದೆ ಅವರು ಪರ್ವತಪ್ರಾಂತದಲ್ಲಿ ಸ್ವಾತಂತ್ರ್ಯದ ಹೋರಾಟಗಾರರನ್ನು ಸೇರಿ, 1943ರ ಡಿಸೆಂಬರಿನಲ್ಲಿ ಸೆರೆಸಿಕ್ಕರು. 1944ರ ಫೆಬ್ರವರಿಯಲ್ಲಿ ಅವರನ್ನೂ ಇನ್ನೂ ಆರುನೂರಕ್ಕೂ ಹೆಚ್ಚು ಮಂದಿಯನ್ನೂ ಸರಕಿನ ರೈಲುಡಬ್ಬಿಗಳಲ್ಲಿ ತುಂಬಿ, ಪೋಲೆಂಡಿನಲ್ಲಿದ್ದ ಆಷ್‌ವಿಟ್ಸ್ ಶಿಬಿರಕ್ಕೆ ಸಾಗಿಸಿದರು. ಅಲ್ಲಿ ಇಳಿದವರಲ್ಲಿ ದುಡಿಮೆಗೆ ತಕ್ಕವರೆಂದು ಆರಿಸಿದ ಕೆಲವರನ್ನು ಬಿಟ್ಟು ಉಳಿದವರನ್ನು, ಮುದುಕರು ಮಕ್ಕಳೆನ್ನದೆ, ವಿಷಾನಿಲದಿಂದ ಕೊಂದರು.

ಹಿಟ್ಲರನ ನಾಜಿ ಆಡಳಿತವು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದಿತು. ಆಷ್‌ವಿಟ್ಸ್ ಒಂದರಲ್ಲಿಯೇ ಸುಮಾರು 11 ಲಕ್ಷ ಜನ ಮಡಿದರು. ಲೇವಿಯವರು ಬದುಕಿ ಉಳಿದದ್ದು ಹಲವು ಆಕಸ್ಮಿಕಗಳಿಂದ. ಅವರ ರಸಾಯನಶಾಸ್ತ್ರದ ಅರಿವು ಕಡೆಯ ತಿಂಗಳುಗಳಲ್ಲಿ ಪ್ರಯೋಗಶಾಲೆಯ ಕೆಲಸವನ್ನು ದೊರಕಿಸಿತು. ಲೊರೆಂಜೊ ಎಂಬ ಗಾರೆ ಕೆಲಸಗಾರನು ತಿಂಗಳುಗಟ್ಟಲೆ ಗುಟ್ಟಾಗಿ ಆಹಾರ ತಂದುಕೊಟ್ಟನು. ಅದಕ್ಕೆ ಪ್ರತಿಫಲವನ್ನು ಬಯಸಲಿಲ್ಲ. ಸೋವಿಯತ್ ಸೈನ್ಯವು ಸಮೀಪಿಸಿದಾಗ ನಾಜಿಗಳು ನಡೆಯಬಲ್ಲ ಸೆರೆಯಾಳುಗಳನ್ನೆಲ್ಲ ಚಳಿಯಲ್ಲಿ ಅಟ್ಟಿಕೊಂಡು ಹೋದರು. ಆ ನಡಿಗೆಯಲ್ಲಿ ಬಹುಮಂದಿ ಸತ್ತರು. ಜ್ವರದಿಂದ ಮಲಗಿದ್ದ ಲೇವಿಯವರು ಹಿಂದೆ ಉಳಿದರು. 1945ರ ಜನವರಿ 27ರಂದು ಅವರಿಗೆ ಬಿಡುಗಡೆಯಾಯಿತು.

ಸೆರೆಯಲ್ಲಿದ್ದಾಗ ಲೇವಿಯವರನ್ನು ಒಂದು ಕನಸು ಮತ್ತೆ ಮತ್ತೆ ಕಾಡುತ್ತಿತ್ತು. ಅವರು ಮನೆಗೆ ಮರಳಿದ್ದಾರೆ; ಬಂಧುಮಿತ್ರರ ನಡುವೆ ಕುಳಿತು ತಮ್ಮ ಹಸಿವನ್ನೂ ಹೊಡೆತಗಳನ್ನೂ ವರ್ಣಿಸುತ್ತಿದ್ದಾರೆ; ಆದರೆ ಯಾರೂ ಕೇಳಿಸಿಕೊಳ್ಳುತ್ತಿಲ್ಲ. ಬೇರೆ ಮಾತುಗಳಲ್ಲಿ ತೊಡಗಿದ್ದಾರೆ. ಒಡಹುಟ್ಟಿದ ತಂಗಿಯೂ ಮೌನವಾಗಿ ಎದ್ದು ಹೋಗುತ್ತಾಳೆ. ಇದೇ ಬಗೆಯ ಕನಸು ಇತರ ಸೆರೆಯಾಳುಗಳಿಗೂ ಬೀಳುತ್ತಿತ್ತೆಂದು ತಿಳಿದು ಅವರು ಬೆರಗಾದರು.

ಊರಿಗೆ ಮರಳಿದ ಲೇವಿಯವರು ತಮ್ಮ ಅನುಭವವನ್ನು ಬರೆದರು. ಇದು ಮನುಷ್ಯನೇ ಎಂಬ ಅರ್ಥದ ಹೆಸರುಳ್ಳ ಆ ಗ್ರಂಥದಲ್ಲಿ ಗೋಳಾಟವಿಲ್ಲ, ಶಾಪವಿಲ್ಲ. ನ್ಯಾಯಾಲಯದಲ್ಲಿ ಸಾಕ್ಷಿಯು ಕಂಡದ್ದನ್ನು ಕಂಡಂತೆ ನುಡಿಯುವ ಹಾಗೆ, ಸಮಾಧಾನದ ಭಾಷೆಯಲ್ಲಿ ಬರೆದಿದ್ದಾರೆ. ತೀರ್ಪು ಕೊಡಬೇಕಾದವರು ಓದುಗರೆಂಬುದು ಅವರ ನಿಲುವು. ಆದರೆ ಕನಸು ನಿಜವಾಗುವಂತೆ ತೋರಿತು. ಹೆಸರಾಂತ ಪ್ರಕಾಶನ ಸಂಸ್ಥೆಯೊಂದು ಹಸ್ತಪ್ರತಿಯನ್ನು ಹಿಂದಿರುಗಿಸಿತು. 1947ರಲ್ಲಿ ಚಿಕ್ಕ ಸಂಸ್ಥೆಯೊಂದು 2,500 ಪ್ರತಿಗಳನ್ನು ಅಚ್ಚು ಹಾಕಿತು, ಅವೆಲ್ಲ ಖರ್ಚಾಗಲಿಲ್ಲ. ಮಾರಾಟವಾಗದೆ ಫ್ಲಾರೆನ್ಸ್ ನಗರದ ಉಗ್ರಾಣದಲ್ಲಿ ಉಳಿದಿದ್ದ ಪ್ರತಿಗಳು 1966ರ ನೆರೆಯಲ್ಲಿ ಮುಳುಗಿದವು. ಯುದ್ಧದ ಗಾಯ ಹಸಿಯಾಗಿದ್ದ ದಿನಗಳಲ್ಲಿ ಜನರು ಹಿಂದಿನದನ್ನು ಮರೆತು ಮುಂದಿನ ಬಾಳನ್ನು ಕಟ್ಟಿಕೊಳ್ಳಲು ಆತುರಪಡುತ್ತಿದ್ದರು. ನೋವನ್ನು ಕೇಳುವುದಕ್ಕೂ ಒಂದು ಶಕ್ತಿ ಬೇಕು. 1958ರಲ್ಲಿ, ಮೊದಲು ನಿರಾಕರಿಸಿದ್ದ ಸಂಸ್ಥೆಯೇ ಗ್ರಂಥವನ್ನು ಮತ್ತೆ ಪ್ರಕಟಿಸಿದ ಮೇಲೆ ಅದು ಬಹುಜನರನ್ನು ಮುಟ್ಟಿತು.

1961ರಲ್ಲಿ ಗ್ರಂಥವು ಜರ್ಮನ್ ಭಾಷೆಗೆ ಅನುವಾದಗೊಂಡಿತು. ಅನುವಾದಕರಾದ ಹೈನ್ಸ್ ರೀಟ್ ಅವರು ಸ್ವತಃ ಇಟಲಿಯಲ್ಲಿ ನಾಜಿಗಳ ವಿರುದ್ಧ ಹೋರಾಡಿದ ಜರ್ಮನರು. ಲೇವಿಯವರಿಗೆ ಇದು ಸಾಮಾನ್ಯ ಸಂಗತಿಯಾಗಿರಲಿಲ್ಲ. ಯಾರು ತಮ್ಮನ್ನು ಸೆರೆಗೆ ತಳ್ಳಿದ್ದರೋ, ಯಾರು ಕಂಡೂ ಕಾಣದಂತಿದ್ದರೋ ಅವರೇ ಈಗ ಓದುಗರು. ಆ ಜನರ ಮನಸ್ಸನ್ನು ಅರಿಯಬೇಕೆಂಬ ಹಂಬಲ ಅವರಲ್ಲಿತ್ತು. 1961ರಿಂದ 1964ರವರೆಗೆ ಜರ್ಮನ್ ಓದುಗರಿಂದ ಸುಮಾರು ನಲವತ್ತು ಓಲೆಗಳು ಬಂದವು.

ಆ ಓಲೆಗಳು ಒಂದೇ ಬಗೆಯವಲ್ಲ. ಹಾಂಬುರ್ಗ್ ನಗರದ ವಿದ್ಯಾವಂತರೊಬ್ಬರು, ಹಿಟ್ಲರನು ಜನರನ್ನು ವಂಚಿಸಿದನು, ಸಾಮಾನ್ಯ ಜರ್ಮನರಿಗೆ ಬೇರೆ ದಾರಿಯಿರಲಿಲ್ಲ ಎಂದು ಸಮರ್ಥಿಸಿಕೊಂಡರು. ಲೇವಿಯವರು ಆ ವಾದವನ್ನು ನಿಷ್ಠುರವಾಗಿ ತಳ್ಳಿಹಾಕಿದರು. ಹಿಟ್ಲರನು ತನ್ನ ಉದ್ದೇಶವನ್ನು ಮೊದಲಿನಿಂದಲೂ ಮುಚ್ಚಿಟ್ಟಿರಲಿಲ್ಲ. ತಿಳಿಯಲಿಲ್ಲ ಎಂದವರಲ್ಲಿ ತಿಳಿಯಲು ಮನಸ್ಸಿಲ್ಲದವರೇ ಹೆಚ್ಚು ಎಂಬುದು ಅವರ ಉತ್ತರ. ಬೇರೆ ಕೆಲವು ಓಲೆಗಳಲ್ಲಿ ನಾಚಿಕೆಯಿತ್ತು, ಪರಿತಾಪವಿತ್ತು. ಯುದ್ಧಾನಂತರ ಬೆಳೆದ ತರುಣರು ತಮ್ಮ ಹಿರಿಯರ ಮೌನವನ್ನು ಪ್ರಶ್ನಿಸಿದರು. ವೀಸ್‌ಬಾಡೆನ್ ನಗರದ ಮಹಿಳೆಯೊಬ್ಬರು ಲೇವಿಯವರೊಡನೆ ಹದಿನಾರು ವರ್ಷಗಳ ಕಾಲ ಪತ್ರವ್ಯವಹಾರ ನಡೆಸಿದರು. ಅವರ ತಂದೆಯೂ ನಾಜಿಗಳಿಂದ ಪೀಡಿತರಾಗಿದ್ದವರು. ದ್ವೇಷವನ್ನು ಲೇವಿಯವರು ಬಯಸಲಿಲ್ಲ. ಹಾಗೆಂದು ಎಲ್ಲರನ್ನೂ ಸುಮ್ಮನೆ ಕ್ಷಮಿಸಲೂ ಇಲ್ಲ. ತಪ್ಪನ್ನು ತಪ್ಪೆಂದು ತಿಳಿದು, ನಡತೆಯಿಂದ ಅದನ್ನು ತೋರಿಸಿದವನನ್ನು ಮಾತ್ರ ಕ್ಷಮಿಸಬಹುದೆಂದು ಅವರು ನಂಬಿದ್ದರು.

ಇಟಲಿಯಲ್ಲಿ ಈ ಗ್ರಂಥವನ್ನು ಶಾಲೆಗಳಲ್ಲಿ ಓದಿಸತೊಡಗಿದರು. ಲೇವಿಯವರು ಎಷ್ಟೋ ಶಾಲೆಗಳಿಗೆ ಹೋಗಿ ಮಕ್ಕಳೊಡನೆ ಮಾತನಾಡಿದರು. ಎಲ್ಲೆಡೆಯೂ ಅವೇ ಪ್ರಶ್ನೆಗಳು ಏಳುತ್ತಿದ್ದವು: ಜರ್ಮನರನ್ನು ದ್ವೇಷಿಸುವಿರಾ? ಅವರಿಗೆ ಸಂಗತಿ ತಿಳಿದಿತ್ತೇ? ಸೆರೆಯಾಳುಗಳು ದಂಗೆಯೇಳಲಿಲ್ಲವೇಕೆ? 1976ರ ಶಾಲಾ ಆವೃತ್ತಿಗೆ ಇವುಗಳ ಉತ್ತರವನ್ನು ಅನುಬಂಧವಾಗಿ ಸೇರಿಸಿದರು. ದಂಗೆಗಳು ನಡೆದದ್ದುಂಟು: 1943ರಲ್ಲಿ ಟ್ರೆಬ್ಲಿಂಕಾ ಮತ್ತು ಸೊಬಿಬೋರ್ ಶಿಬಿರಗಳಲ್ಲಿ, 1944ರಲ್ಲಿ ಆಷ್‌ವಿಟ್ಸಿಗೆ ಸೇರಿದ ಬಿರ್ಕೆನಾವಿನಲ್ಲಿ. ಆದರೆ ಹಸಿವಿನಿಂದ ಬಡಕಲಾದ, ತಲೆ ಬೋಳಿಸಿದ, ಪಟ್ಟೆಯ ಬಟ್ಟೆ ತೊಟ್ಟ, ಆ ನಾಡಿನ ಭಾಷೆಯನ್ನರಿಯದ ಸೆರೆಯಾಳು ಬೇಲಿಯನ್ನು ದಾಟಿದರೂ ಎಲ್ಲಿ ಆಶ್ರಯ ಪಡೆದಾನು? ಅವನ ಸಂಗಾತಿಗಳು ಅದರ ದಂಡನೆಯನ್ನು ಅನುಭವಿಸಬೇಕಾಗುತ್ತಿತ್ತು. ಹುಡುಗನ ನಕ್ಷೆಯಲ್ಲಿ ಗೋಪುರವೂ ಬೇಲಿಯೂ ಇದ್ದವು, ಹಸಿವು ಇರಲಿಲ್ಲ. ಕಾಲ ಕಳೆದಂತೆ ನಿಜವಾಗಿ ನಡೆದುದಕ್ಕೂ ಜನರ ಕಲ್ಪನೆಗೂ ನಡುವಣ ಅಂತರ ಹೆಚ್ಚುತ್ತಿದೆಯೆಂದು ಲೇವಿಯವರು ಇದರಿಂದ ಮನಗಂಡರು. 1987ರಲ್ಲಿ ಅವರು ತೀರಿಕೊಂಡರು.

ಈ ಇತಿಹಾಸದೊಡನೆ ಕನ್ನಡ ನಾಡಿಗೂ ನಂಟುಂಟು. ಯೆಹೂದ್ಯರೆಂಬ ಕಾರಣದಿಂದ ಜರ್ಮನಿಯಲ್ಲಿ ಹುದ್ದೆ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರು ಸರ್ ಸಿ. ವಿ. ರಾಮನ್ನರ ಆಹ್ವಾನದ ಮೇರೆಗೆ 1935ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಬಂದು ಕೆಲವು ತಿಂಗಳು ಇದ್ದರು. ಬರ್ಲಿನ್ನಿನ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ ಅವರು 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. 2007ರಲ್ಲಿ ಲೇಖಕಿ ನೇಮಿಚಂದ್ರ ಅವರು 'ಯಾದ್ ವಶೇಮ್' ಕಾದಂಬರಿಯನ್ನು ಪ್ರಕಟಿಸಿದರು. ನಾಜಿಗಳಿಂದ ಪಾರಾಗಿ ಬೆಂಗಳೂರಿಗೆ ಬಂದ ಯೆಹೂದ್ಯ ಬಾಲಿಕೆಯು ನೆರೆಯ ಕನ್ನಡ ಮನೆಯಲ್ಲಿ ಬೆಳೆದು, ಮುಂದೆ ತನ್ನವರನ್ನು ಹುಡುಕಿ ಹೊರಡುವ ಕಥೆ ಅದು. ಕಾದಂಬರಿಯು ಸಾಕ್ಷ್ಯವಲ್ಲ, ಕಲ್ಪನೆಯ ಸೃಷ್ಟಿ. ಆದರೂ ದೂರದವರ ನೋವನ್ನು ತನ್ನ ನುಡಿಯಲ್ಲಿ ಹೇಳುವುದು ಓದುಗನು ಸಾಕ್ಷಿಗೆ ನೀಡುವ ಒಂದು ಉತ್ತರವೇ ಆಗಿದೆ.

ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನಲ್ಲಿ, ಹಿಪ್ಪುನೇರಳೆ ಸೊಪ್ಪು ಕೊಯ್ದು ರೇಷ್ಮೆಹುಳು ಸಾಕುವ ಮನೆಯ ವಿದ್ಯಾರ್ಥಿಗೆ ಟ್ಯೂರಿನ್ ನಗರ ಬಹುದೂರ. ಆದರೆ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ ದೂರವಲ್ಲ. 1938ರ ಏಪ್ರಿಲ್ 25ರಂದು ಅಲ್ಲಿ ನಿಷೇಧವನ್ನು ಮೀರಿ ರಾಷ್ಟ್ರಧ್ವಜವನ್ನು ಹಾರಿಸಲು ಸೇರಿದ್ದ ಹಳ್ಳಿಗರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮಡಿದವರೆಷ್ಟು ಎಂಬಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಹೊಂದಿಕೆಯಾಗಲಿಲ್ಲ. ಈ ಘಟನೆಯ ಪ್ರಮಾಣವೂ ಸ್ವರೂಪವೂ ಯೂರೋಪಿನ ಹತ್ಯಾಕಾಂಡಕ್ಕಿಂತ ಬೇರೆ, ಎರಡನ್ನೂ ಸಮವೆನ್ನಲಾಗದು. ಆದರೆ ಅಧಿಕಾರದ ಲೆಕ್ಕ ಒಂದನ್ನು ಹೇಳಿದಾಗ, ಕಣ್ಣಾರೆ ಕಂಡವರ ಮಾತಿಗೆ ಎಷ್ಟು ಬೆಲೆಯಿದೆಯೆಂಬುದು ಇಲ್ಲಿಯೂ ತಿಳಿಯುತ್ತದೆ. ಪ್ರತಿಯೊಂದು ಊರಿನಲ್ಲಿಯೂ ಹೇಳಲು ಮಾತಿದ್ದು, ಕೇಳುವವರಿಲ್ಲದೆ ಸುಮ್ಮನಾದ ಹಿರಿಯರಿರುತ್ತಾರೆ.

ಆ ಶಾಲೆಯ ಹುಡುಗನ ಉಪಾಯ ನಡೆಯುವಂಥದಲ್ಲ. ಆದರೆ ಅವನು ಆಕಳಿಸಲಿಲ್ಲ, ಎದ್ದು ಹೋಗಲಿಲ್ಲ. ಎದುರಿಗಿದ್ದ ಮನುಷ್ಯನು ಬದುಕಬೇಕೆಂದು ಮನಸಾರೆ ಬಯಸಿದನು. ಅವನು ಕಲಿಯಬೇಕಾಗಿದ್ದುದು ಒಂದೇ: ಉಪಾಯ ಹೇಳುವ ಮೊದಲು ಇನ್ನೂ ಸ್ವಲ್ಪ ಹೊತ್ತು ಕೇಳುವುದು.

ಪದಗಳ ಅರ್ಥ
ವೃತ್ತಾಂತ – ನಡೆದ ಸಂಗತಿಯ ವಿವರ. ಶಾಸನ – ಕಾನೂನು. ನಿಷ್ಠುರ – ದಾಕ್ಷಿಣ್ಯವಿಲ್ಲದ. ಪರಿತಾಪ – ಮನದ ಬೇಗೆ, ಪಶ್ಚಾತ್ತಾಪ. ಅನುಬಂಧ – ಗ್ರಂಥದ ಕೊನೆಗೆ ಸೇರಿಸಿದ ಭಾಗ

ಅಭ್ಯಾಸ
1. ಸೆರೆಯಲ್ಲಿದ್ದಾಗ ಲೇವಿಯವರನ್ನು ಕಾಡುತ್ತಿದ್ದ ಕನಸು ಯಾವುದು?
2. ಜರ್ಮನ್ ಓದುಗರ ಓಲೆಗಳಲ್ಲಿ ಕಂಡುಬರುವ ಭಿನ್ನ ಮನೋಭಾವಗಳನ್ನು ವಿವರಿಸಿ.
3. "ಹುಡುಗನ ನಕ್ಷೆಯಲ್ಲಿ ಹಸಿವು ಇರಲಿಲ್ಲ" – ಈ ಮಾತಿನ ಸ್ವಾರಸ್ಯವನ್ನು ತಿಳಿಸಿ.
4. ನಿಮ್ಮ ಊರಿನ ಹಿರಿಯರೊಬ್ಬರು ಕಣ್ಣಾರೆ ಕಂಡ ಘಟನೆಯೊಂದನ್ನು ಕೇಳಿ ತಿಳಿದು, ಅವರು ಹೇಳಿದಂತೆಯೇ ಬರೆಯಿರಿ.